ವೃತ್ತಿಯ ಕಥೆ ಹೇಳುವಾಗ ಕಹಿಯನ್ನು ಏನು ಮಾಡಬೇಕು, ಉಪಕಾರವನ್ನು ಹೇಗೆ ನೆನೆಯಬೇಕು

ನಿವೃತ್ತಿಯ ದಿನ ಮೈಕು ಕೈಗೆ ಬರುತ್ತದೆ. ಅಥವಾ ಯಾರೋ ಸಂದರ್ಶನಕ್ಕೆ ಕೂರಿಸಿ "ಇಷ್ಟು ವರ್ಷದ ದಾರಿ ಹೇಗಿತ್ತು?" ಎಂದು ಕೇಳುತ್ತಾರೆ. ಅಥವಾ ನೀವೇ ನೆನಪುಗಳನ್ನು ಬರೆಯಲು ಕೂರುತ್ತೀರಿ. ಆಗ ಕೆಲವರು ಹಳೆಯ ಲೆಕ್ಕವನ್ನೆಲ್ಲ ತೆಗೆದು ಜನರ ಮುಂದೆ ಹರಡುತ್ತಾರೆ. ಯಾರು ಕಾಲೆಳೆದರು, ಯಾರು ಬಡ್ತಿ ತಪ್ಪಿಸಿದರು, ಯಾರು ಹೆಸರು ಹೊಡೆದುಕೊಂಡರು ಎಂಬ ಪಟ್ಟಿ. ಇನ್ನು ಕೆಲವರು ಎಲ್ಲರಿಗೂ ಒಂದೇ ಅಳತೆಯ ಧನ್ಯವಾದ ಹಂಚಿ ಕೂತುಬಿಡುತ್ತಾರೆ. ಮೊದಲನೆಯದನ್ನು ಕೇಳುವವರು ಮುಜುಗರಪಡುತ್ತಾರೆ. ಎರಡನೆಯದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಅನ್ಯಾಯವನ್ನು ಹೇಳುವುದೇ ಕಹಿ ಎಂದು ನಾನು ಒಪ್ಪುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳಿ ಮುಂದೆ ಹೋಗುವವರ ಮಾತಿನಲ್ಲಿ ನೋವಿರಬಹುದು, ಆದರೆ ಕಹಿ ಇರುವುದಿಲ್ಲ. ಕೇಳುವವರು ತಮ್ಮ ಪರ ತೀರ್ಪು ಕೊಡಲೇಬೇಕು ಎಂದು ಕಾಯುವವರ ಮಾತು ಬೇರೆ. ಅಲ್ಲಿಂದ ಕಹಿ ಶುರುವಾಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ತೀರ್ಪಿನ ಹಂಬಲವನ್ನು ಮನೆಯಲ್ಲೇ ಮುಗಿಸಿ, ವೇದಿಕೆಗೆ ಹಗುರವಾಗಿ ಹೋಗಲು.

ಮೊದಲ ಹೆಜ್ಜೆ: ಎಲ್ಲವನ್ನೂ ನಿಮಗಾಗಿ ಮಾತ್ರ ಬರೆಯಿರಿ

ಭಾಷಣ ಬರೆಯುವ ಮೊದಲು ಇನ್ನೊಂದು ಬರಹ ಬೇಕು. ಅದನ್ನು ಯಾರೂ ಓದುವುದಿಲ್ಲ. ಅದರಲ್ಲಿ ಹೆಸರು, ಸಿಟ್ಟು, ಬೈಗುಳ ಎಲ್ಲ ಇರಲಿ. ಯಾರನ್ನೂ ಉಳಿಸಬೇಡಿ.

ಇದಕ್ಕೆ ಒಂದು ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಸಹೋದ್ಯೋಗಿ ಸಾಂಡ್ರಾ ಬೀಲ್ ಜೊತೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸಾಮಾನ್ಯ ವಿಷಯ ಬರೆದರು. ಕೆಲವರು ತಮ್ಮ ಬದುಕಿನ ದೊಡ್ಡ ನೋವನ್ನು ಬರೆದರು. ಏನಾಯಿತು ಎಂಬುದರ ಜೊತೆಗೆ ಮನಸ್ಸಿಗೆ ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರಿಗೆ ಹಗುರವೆನಿಸಲಿಲ್ಲ, ಮನಸ್ಸು ಇನ್ನಷ್ಟು ಭಾರವಾಗಿತ್ತು.

ಈ ಕೊನೆಯ ಮಾತು ನಮಗೆ ತುಂಬಾ ಮುಖ್ಯ. ಕಾರ್ಯಕ್ರಮದ ಹಿಂದಿನ ರಾತ್ರಿ ಕೂತು ಇದನ್ನು ಬರೆದರೆ, ಮರುದಿನ ವೇದಿಕೆಗೆ ಹಸಿ ಗಾಯ ಹೊತ್ತುಕೊಂಡು ಹೋಗುತ್ತೀರಿ. ಕನಿಷ್ಠ ಮೂರು ನಾಲ್ಕು ವಾರ ಮೊದಲೇ ಬರೆಯಿರಿ. ಬರೆದು ಬೀಗ ಹಾಕಿಡಿ. ಮೊಬೈಲಿಗಿಂತ ಕಾಗದ ಒಳ್ಳೆಯದು. ಮೊಬೈಲಿನಲ್ಲಿದ್ದರೆ ಯಾರಿಗಾದರೂ ಕಳಿಸಿಬಿಡುವ ಆಸೆ ಹುಟ್ಟುತ್ತದೆ.

ಎರಡನೇ ಹೆಜ್ಜೆ: ವೃತ್ತಿಯನ್ನು ಮೊದಲಿನಿಂದ ನೆನಪಿಸಿಕೊಳ್ಳಿ, ಕೊನೆಯಿಂದ ಅಲ್ಲ

ಮೂವತ್ತು ವರ್ಷ ಚೆನ್ನಾಗಿ ದುಡಿದು, ಕೊನೆಯ ಎರಡು ವರ್ಷ ಒಬ್ಬ ಕೆಟ್ಟ ಮೇಲಧಿಕಾರಿಯ ಕೈಗೆ ಸಿಕ್ಕವರನ್ನು ಕೇಳಿ ನೋಡಿ. ಇಡೀ ಮೂವತ್ತು ವರ್ಷವೇ ವ್ಯರ್ಥ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೆನಪು ಕೆಲಸ ಮಾಡುವುದೇ ಹಾಗೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು ಇಟ್ಟರು, ಆದರೆ ಆ ಹೊತ್ತಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದ್ದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ಒಟ್ಟು ಸಂಕಟ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ. ನಮ್ಮ ನೆನಪು ಅವಧಿಯನ್ನು ಅಷ್ಟಾಗಿ ಲೆಕ್ಕ ಹಾಕುವುದಿಲ್ಲ. ಅತಿ ಹೆಚ್ಚು ನೋವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡರ ಮೇಲೆ ಇಡೀ ಅನುಭವಕ್ಕೆ ಬೆಲೆ ಕಟ್ಟಿಬಿಡುತ್ತದೆ.

ಹಾಗಾಗಿ ಒಂದು ಉದ್ದ ಹಾಳೆ ತೆಗೆದುಕೊಳ್ಳಿ. ಕೆಲಸಕ್ಕೆ ಸೇರಿದ ವರ್ಷದಿಂದ ಪ್ರತಿ ವರ್ಷಕ್ಕೂ ಒಂದು ಸಾಲು. ಯಾವ ಹುದ್ದೆ, ಯಾರ ಜೊತೆ, ಯಾವ ಕೆಲಸ ಮುಗಿಯಿತು, ಏನು ಕಲಿತಿರಿ. ಏನೂ ನೆನಪಾಗದ ವರ್ಷಗಳೂ ಬರುತ್ತವೆ. ಅಲ್ಲಿ ಸುಮ್ನೆ "ಮಾಮೂಲು" ಎಂದು ಬರೆಯಿರಿ. ಮಾಮೂಲು ವರ್ಷ ಎಂದರೆ ಯಾರೂ ನಿಮ್ಮನ್ನು ನೋಯಿಸದ ವರ್ಷ ಅಲ್ವಾ? ಹಾಳೆ ತುಂಬಿದ ಮೇಲೆ ಆ ಕೆಟ್ಟ ಎರಡು ವರ್ಷ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೇ ಕಾಣುತ್ತದೆ. ಭಾಷಣದಲ್ಲೂ ಅವಕ್ಕೆ ಅಷ್ಟೇ ಜಾಗ ಸಾಕು.

ಮೂರನೇ ಹೆಜ್ಜೆ: ಸಿಕ್ಕ ನೆರವನ್ನು ಹುಡುಕಿ ತೆಗೆಯಿರಿ

ಅಡ್ಡಿ ತಾನಾಗಿ ನೆನಪಾಗುತ್ತದೆ. ನೆರವು ಹಾಗಲ್ಲ, ಅದನ್ನು ಹುಡುಕಬೇಕು. ಶಾಯ್ ಡೇವಿಡಾಯ್ ಮತ್ತು ಥಾಮಸ್ ಗಿಲೋವಿಚ್ ಎಂಬ ಸಂಶೋಧಕರು 2016ರಲ್ಲಿ ಇದನ್ನು ಗಾಳಿಯ ಹೋಲಿಕೆ ಕೊಟ್ಟು ವಿವರಿಸಿದರು. ಸೈಕಲ್ ತುಳಿಯುವಾಗ ಎದುರು ಗಾಳಿ ಬೀಸಿದರೆ ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಹಿಂದಿನಿಂದ ಬೀಸಿದರೆ ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತದೆ. ಅಡ್ಡಿಯನ್ನು ದಾಟಲು ಅದರ ಕಡೆ ಗಮನ ಕೊಡಲೇಬೇಕು, ಅದಕ್ಕೆ ಅದು ಮನಸ್ಸಿನಲ್ಲಿ ಕೂರುತ್ತದೆ. ನೆರವಿಗೆ ಗಮನ ಕೊಡದಿದ್ದರೂ ಕೆಲಸ ಸಾಗುತ್ತದೆ.

ಇದಕ್ಕೆ ಇನ್ನೊಂದು ಸೇರುತ್ತದೆ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ಒಟ್ಟನ್ನು ಮೀರಿತು. ಯಾರೂ ಬೇಕಂತ ದೊಡ್ಡದು ಮಾಡಿ ಹೇಳಿದ್ದಲ್ಲ. ನಾವು ಮಾಡಿದ್ದು ನಮಗೆ ಕಾಣುತ್ತದೆ, ಇನ್ನೊಬ್ಬರು ಮಾಡಿದ್ದು ಪೂರ್ತಿ ಕಾಣುವುದಿಲ್ಲ. ಕಚೇರಿಯಲ್ಲೂ ಅದೇ. "ಆ ಯೋಜನೆ ನಾನೊಬ್ಬನೇ ಎಳೆದದ್ದು" ಎಂದು ನಾಲ್ಕು ಜನ ಪ್ರಾಮಾಣಿಕವಾಗಿ ನಂಬಿರಬಹುದು.

ಎರಡನೇ ಹೆಜ್ಜೆಯ ಹಾಳೆಯನ್ನೇ ಮತ್ತೆ ತೆಗೆಯಿರಿ. ಪ್ರತಿ ಸಾಲಿನ ಪಕ್ಕ ಕೆಲವು ಪ್ರಶ್ನೆ ಹಾಕಿಕೊಳ್ಳಿ. ಈ ಕೆಲಸ ಖಾಲಿ ಇದೆ ಎಂದು ಮೊದಲು ಹೇಳಿದವರು ಯಾರು? ಮೊದಲ ವಾರ ಪಕ್ಕದಲ್ಲಿ ಕೂತು ಕಲಿಸಿದವರು ಯಾರು? ನಾನು ಕಾಯಿಲೆ ಬಿದ್ದಾಗ ನನ್ನ ಪಾಲಿನ ಕೆಲಸ ಯಾರ ಮೇಜಿಗೆ ಹೋಯಿತು? ನನ್ನ ತಪ್ಪನ್ನು ಮೇಲಿನವರಿಗೆ ಮುಟ್ಟುವ ಮೊದಲೇ ತಿದ್ದಿದವರು ಯಾರು? ನಾನು ತಡವಾಗಿ ಮನೆಗೆ ಬಂದ ರಾತ್ರಿಗಳಲ್ಲಿ ಮಕ್ಕಳನ್ನು ನೋಡಿಕೊಂಡವರು ಯಾರು? ನನಗಿಂತ ಅರ್ಹರಿದ್ದೂ ಅವಕಾಶ ನನಗೆ ಸಿಕ್ಕ ಸಂದರ್ಭ ಯಾವುದು?

ಕೊನೆಯ ಪ್ರಶ್ನೆ ಚುಚ್ಚುತ್ತದೆ, ನಿಜ. ಅದನ್ನು ಬಿಡಬೇಡಿ. ತಪ್ಪಿಹೋದ ಬಡ್ತಿಯನ್ನು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದೇವೋ, ಅನಾಯಾಸವಾಗಿ ಸಿಕ್ಕ ಬಡ್ತಿಯನ್ನು ಅಷ್ಟೇ ಚೆನ್ನಾಗಿ ಮರೆತಿರುತ್ತೇವೆ.

ನಾಲ್ಕನೇ ಹೆಜ್ಜೆ: ಅಸಮಾಧಾನಗಳನ್ನು ಜಾಲಿಸಿ

ಈಗ ಬೀಗ ಹಾಕಿಟ್ಟ ಬರಹವನ್ನು ತೆರೆಯಿರಿ. ಅದರಲ್ಲಿರುವ ಎಲ್ಲ ದೂರುಗಳೂ ಒಂದೇ ಜಾತಿಯವಲ್ಲ.

ಕೆಲವು ನಿಜವಾದ ಅನ್ಯಾಯ. ನೀವು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಹೆಸರು ಬಂತು, ಸಮಾನ ಕೆಲಸಕ್ಕೆ ಕಡಿಮೆ ಸಂಬಳ ಸಿಕ್ಕಿತು. ಕೆಲವು ಹೋಲಿಕೆಯ ನೋವು. ಜೊತೆಗೆ ಸೇರಿದವರು ಮೇಲೆ ಹೋದರು, ನೀವು ಉಳಿದಿರಿ. ಇನ್ನು ಕೆಲವು ಈಡೇರದ ಆಸೆ. ಬೇರೆ ಕ್ಷೇತ್ರಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಮೂರೂ ನೋಯಿಸುತ್ತವೆ. ಆದರೆ ಹೋಲಿಕೆಯ ನೋವನ್ನು ಸಭೆಯಲ್ಲಿ ಹೇಳಿದರೆ, ಮೇಲೆ ಹೋದವರ ಶ್ರಮವನ್ನು ಕೀಳು ಮಾಡಿದ ಹಾಗಾಗುತ್ತದೆ. ಅದನ್ನು ಆಪ್ತರ ಜೊತೆ ಮಾತ್ರ ಹಂಚಿಕೊಳ್ಳಿ. ಈಡೇರದ ಆಸೆಯನ್ನು ಹೇಳಬಹುದು, ಅದನ್ನು ನಿಮ್ಮದೇ ಆಸೆಯಾಗಿ ಹೇಳಿದರೆ. ಬೇರೆಯವರ ಮೇಲಿನ ಆರೋಪವಾಗಿ ತಿರುಗಿಸಿದರೆ ಬೇಡ.

ನಿಜವಾದ ಅನ್ಯಾಯದಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ಇವತ್ತಿಗೂ ಇನ್ನೊಬ್ಬರಿಗೆ ಆಗುತ್ತಿದೆಯೇ? ಹೌದಾದರೆ ನೀವು ಹೇಳಲೇಬೇಕು. ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ ಮಾತಾಡಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು. ಹೊರಡುವವರು ಇಂಥದ್ದನ್ನು ನಯವಾಗಿ ನುಂಗಿಕೊಂಡು ಹೋದರೆ ನನಗೆ ತುಂಬಾ ಬೇಸರವಾಗುತ್ತದೆ.

ಐದನೇ ಹೆಜ್ಜೆ: ಹೇಳುವುದಾದರೆ ಘಟನೆ ಹೇಳಿ, ವಿಶೇಷಣ ಬಿಡಿ

ಇಲ್ಲಿ ನಿಧಾನ ಬೇಕು. ಇಡೀ ಭಾಷಣ ಕೆಡುವುದೂ ಏಳುವುದೂ ಈ ಹೆಜ್ಜೆಯಲ್ಲಿ.

ಖಗೋಳವಿಜ್ಞಾನಿ ಜೋಸೆಲಿನ್ ಬೆಲ್ ಬರ್ನೆಲ್ ಅವರನ್ನು ನೋಡಿ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, ಉದ್ದುದ್ದ ಚಾರ್ಟ್ ಕಾಗದಗಳಲ್ಲಿ ಪಲ್ಸಾರ್ ಎಂಬ, ಲಯಬದ್ಧವಾಗಿ ರೇಡಿಯೊ ಮಿಡಿತ ಕಳಿಸುವ ನಕ್ಷತ್ರದ ಗುರುತನ್ನು ಮೊದಲು ಗಮನಿಸಿದ್ದು ಅವರು. ಆ ಶೋಧಕ್ಕೆ ಸಂದ 1974ರ ನೊಬೆಲ್‌ನಲ್ಲಿ ಅವರ ಮಾರ್ಗದರ್ಶಕ ಆಂಟನಿ ಹೆವಿಷ್ ಹೆಸರಿತ್ತು, ಅವರದಿರಲಿಲ್ಲ. ನಂತರದ ಮಾತುಗಳಲ್ಲಿ ಅವರು ಬಹುಮಾನಕ್ಕಾಗಿ ಹಲುಬಲಿಲ್ಲ. ಆದರೆ ಆ ಕಾಲದಲ್ಲಿ ಹುಡುಗಿಯರನ್ನು ಹೇಗೆ ನೋಡುತ್ತಿದ್ದರು ಎಂಬುದನ್ನು ಮುಚ್ಚಿಡಲೂ ಇಲ್ಲ. ಪತ್ರಕರ್ತರು ವಿಜ್ಞಾನದ ಪ್ರಶ್ನೆಯನ್ನು ಹೆವಿಷ್ ಅವರಿಗೆ ಕೇಳುತ್ತಿದ್ದರು, ತನಗೆ ಮಾತ್ರ ಗೆಳೆಯರೆಷ್ಟು ಎಂಬಂಥ ಪ್ರಶ್ನೆ ಕೇಳುತ್ತಿದ್ದರು ಎಂದು ಹೇಳಿದ್ದಾರೆ. ಅಷ್ಟು ಹೇಳಿದರೆ ಸಾಕು. ಕೇಳುವವರಿಗೆ ತಾವಾಗಿಯೇ ಸಿಟ್ಟು ಬರುತ್ತದೆ. 2018ರಲ್ಲಿ 30 ಲಕ್ಷ ಡಾಲರಿನ ವಿಶೇಷ ಬ್ರೇಕ್‌ಥ್ರೂ ಪ್ರಶಸ್ತಿ ಬಂದಾಗ, ಆ ಹಣವನ್ನು ಭೌತಶಾಸ್ತ್ರದಲ್ಲಿ ಅವಕಾಶ ಕಡಿಮೆ ಇರುವ ಹಿನ್ನೆಲೆಯ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟರು. ದೂರು ಎಲ್ಲಿಗೆ ಮುಟ್ಟಬೇಕಿತ್ತೋ ಅಲ್ಲಿಗೆ ಮುಟ್ಟಿತು.

ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದ್ದು ಇನ್ನೂ ಕಷ್ಟದ ಉದಾಹರಣೆ. 1935ರ ಜನವರಿಯಲ್ಲಿ ಲಂಡನ್‌ನ ಖಗೋಳ ಸಂಘದ ಸಭೆಯಲ್ಲಿ ಅವರು ನಕ್ಷತ್ರಗಳ ಅಂತ್ಯದ ಬಗ್ಗೆ ತಾವು ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಮಂಡಿಸಿದರು. ಆಗ ಅವರಿಗೆ 24 ವರ್ಷ. ಅವರ ನಂತರ ಎದ್ದುನಿಂತ ಆರ್ಥರ್ ಎಡಿಂಗ್ಟನ್, ಆ ಕಾಲದ ಅತಿ ದೊಡ್ಡ ಹೆಸರು, ಅದನ್ನು ಎಲ್ಲರೆದುರು ಗೇಲಿ ಮಾಡಿದರು. 1982ರಲ್ಲಿ ಎಡಿಂಗ್ಟನ್ ಜನ್ಮಶತಮಾನೋತ್ಸವಕ್ಕೆ ಕೇಂಬ್ರಿಜ್‌ನಲ್ಲಿ ಉಪನ್ಯಾಸ ಕೊಟ್ಟವರು ಇದೇ ಚಂದ್ರಶೇಖರ್. ಎಡಿಂಗ್ಟನ್ ಅವರ ಕೆಲಸದ ಎತ್ತರವನ್ನು ವಿವರವಾಗಿ ಹೇಳಿದರು, ತಮ್ಮಿಬ್ಬರ ನಡುವಿನ ವಾದವನ್ನೂ ಹೇಳಿದರು. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಲಿಲ್ಲ. ಅದರ ಮರುವರ್ಷ ಅವರಿಗೆ ನೊಬೆಲ್ ಬಂತು. ಅಂದರೆ ನೊಬೆಲ್ ಗೆದ್ದ ಮೇಲೆ ತೋರಿದ ಉದಾರತೆ ಅದಲ್ಲ.

ನಿಮ್ಮ ವಾಕ್ಯಗಳಿಗೆ ಇದನ್ನು ಹೀಗೆ ತನ್ನಿ. "ನನ್ನ ಏಳಿಗೆ ಸಹಿಸದವರು ಬೇಕಂತಲೇ ಬಡ್ತಿ ತಡೆದರು" ಎಂದು ಬರೆದಿದ್ದೀರಿ ಅಂದುಕೊಳ್ಳಿ. ಇದರಲ್ಲಿ ಇನ್ನೊಬ್ಬರ ಮನಸ್ಸಿನ ಮೇಲಿನ ಊಹೆಯೇ ಜಾಸ್ತಿ. ಹೀಗೆ ತಿದ್ದಿ: "ಎರಡು ಸಲ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಕಾರಣ ಕೇಳಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಇನ್ನು ಮುಂದೆ ಯಾರನ್ನಾದರೂ ಕೈಬಿಟ್ಟರೆ ಕಾರಣವನ್ನು ಬರೆದು ಕೊಡಿ ಎಂಬುದು ನನ್ನ ಕೋರಿಕೆ." ಆದದ್ದು, ಅದರಿಂದ ಉಂಟಾದದ್ದು, ಮುಂದೆ ಆಗಬೇಕಾದದ್ದು. ಮೂರೋ ನಾಲ್ಕೋ ವಾಕ್ಯ. ನಂತರ ಆ ವಿಷಯಕ್ಕೆ ಮತ್ತೆ ಬರಬೇಡಿ. ಮರಳಿ ಮರಳಿ ಬಂದರೆ ಜನ ಮೊದಲು ಒಪ್ಪಿದ್ದನ್ನೂ ಅನುಮಾನಿಸಲು ಶುರುಮಾಡುತ್ತಾರೆ.

ಹೆಸರು ಹೇಳಬೇಕೇ? ಆ ವ್ಯಕ್ತಿ ಅಲ್ಲಿದ್ದು ಉತ್ತರ ಕೊಡಲು ಸಾಧ್ಯವಿಲ್ಲದಿದ್ದರೆ ಬೇಡ. ಬದುಕಿಲ್ಲದಿದ್ದರೆ ಇನ್ನೂ ಬೇಡ. ಅವರ ಮಕ್ಕಳು ಸಭೆಯಲ್ಲಿ ಕೂತಿರಬಹುದು. ಹೆಸರು ಬಿಟ್ಟು "ಬಲ್ಲವರಿಗೆ ಗೊತ್ತು" ಎಂದು ಸೂಚನೆ ಕೊಡುವುದು ಇನ್ನೂ ಕೆಟ್ಟದ್ದು. ಸಭೆಯಿಡೀ ಊಹಿಸಲು ಶುರುಮಾಡುತ್ತದೆ.

"ನನಗೆ ತೊಂದರೆ ಕೊಟ್ಟವರಿಗೂ ಧನ್ಯವಾದ, ಅವರಿಂದಲೇ ನಾನು ಗಟ್ಟಿಯಾದೆ" ಎಂಬ ಮಾತನ್ನೂ ದಯವಿಟ್ಟು ಬಿಡಿ. ಹೇಳುವವರಿಗೆ ದೊಡ್ಡತನ ಅನ್ನಿಸುತ್ತದೆ, ಕೇಳುವವರಿಗೆ ಕುಟುಕು ಕೇಳಿಸುತ್ತದೆ. 2009ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರುವಾಗ ಮೈಕೆಲ್ ಜೋರ್ಡನ್ ಹೀಗೇ ಹಳೆಯ ಅವಮಾನಗಳನ್ನು ಒಂದೊಂದಾಗಿ ತೆಗೆದರು. ಹೈಸ್ಕೂಲಿನಲ್ಲಿ ತನ್ನ ಬದಲು ತಂಡಕ್ಕೆ ಆಯ್ಕೆಯಾದ ಹುಡುಗನ ಮಾತೂ ಬಂತು. ಅವು ತನ್ನೊಳಗಿನ ಕಿಚ್ಚಿಗೆ ಸೌದೆಯಾದವು ಎಂಬುದು ಅವರ ಭಾವ. ಆ ಭಾಷಣದಲ್ಲಿ ಕಣ್ಣೀರೂ ಇತ್ತು, ವಂದನೆಯೂ ಇತ್ತು. ಜನ ಇಂದಿಗೂ ಮಾತಾಡುವುದು ಆ ಹಗೆಗಳ ಬಗ್ಗೆ.

ಆರನೇ ಹೆಜ್ಜೆ: ಧನ್ಯವಾದಕ್ಕೆ ಹೆಸರು ಮತ್ತು ಕೆಲಸ ಎರಡೂ ಇರಲಿ

ದೂರಿನಲ್ಲಿ ಹೆಸರು ಬಿಡಿ, ಧನ್ಯವಾದದಲ್ಲಿ ಹೆಸರು ಹೇಳಿ. "ಎಲ್ಲರ ಸಹಕಾರಕ್ಕೆ ಚಿರಋಣಿ" ಎಂದರೆ ಯಾರಿಗೂ ತಲುಪುವುದಿಲ್ಲ. "ನನಗೆ ಲೆಕ್ಕಪತ್ರ ಬರುತ್ತಿರಲಿಲ್ಲ. ಇವರು ಆರು ತಿಂಗಳು ಪ್ರತಿ ಸಂಜೆ ಅರ್ಧ ಗಂಟೆ ಕೂತು ಕಲಿಸಿದರು" ಎಂದರೆ ಆ ವ್ಯಕ್ತಿಗೆ ತಲುಪುತ್ತದೆ, ಪಕ್ಕದಲ್ಲಿ ಕೂತ ಹೊಸಬರಿಗೂ ತಲುಪುತ್ತದೆ.

ಸಚಿನ್ ತೆಂಡೂಲ್ಕರ್ 2013ರ ನವೆಂಬರ್ 16ರಂದು ಮೈದಾನದಲ್ಲಿ ವಿದಾಯ ಹೇಳುವಾಗ, ಯಾರ ಹೆಸರೂ ಮರೆಯಬಾರದೆಂದು ಕೈಯಲ್ಲಿ ಪಟ್ಟಿ ಹಿಡಿದಿದ್ದರು. ತಂದೆಯಿಂದ ಶುರುಮಾಡಿ ಒಬ್ಬೊಬ್ಬರೂ ಏನು ಮಾಡಿದರೆಂದು ಹೇಳುತ್ತ ಹೋದರು. ಗುರು ರಮಾಕಾಂತ್ ಅಚ್ರೇಕರ್ ತನಗೆ ಒಮ್ಮೆಯೂ "ಚೆನ್ನಾಗಿ ಆಡಿದೆ" ಎಂದಿರಲಿಲ್ಲ ಎಂಬುದನ್ನೂ ಹೇಳಿದರು. ಶಿಷ್ಯ ಮೈಮರೆಯಬಾರದೆಂದು ಗುರು ಹಾಗೆ ಮಾಡಿದರು ಎಂದು ಪ್ರೀತಿಯಿಂದ ವಿವರಿಸಿದರು. ಇದೇ ಸಂಗತಿಯನ್ನು ಬೇರೆಯವರು ದೂರಾಗಿ ಹೇಳಬಹುದಿತ್ತು. ಅಂದಹಾಗೆ, ಪಟ್ಟಿ ಹಿಡಿಯಲು ಸಂಕೋಚ ಬೇಡ. ಹೆಸರು ಬಿಟ್ಟುಹೋಗುವುದಕ್ಕಿಂತ ಕಾಗದ ನೋಡಿ ಓದುವುದು ಎಷ್ಟೋ ಮೇಲು.

ಕಚೇರಿ ಗುಡಿಸಿದವರು, ಬಾಗಿಲು ಕಾದವರು, ಕಡತ ಹುಡುಕಿ ಕೊಟ್ಟವರು ಪಟ್ಟಿಯಲ್ಲಿ ಇದ್ದಾರೆಯೇ ನೋಡಿ. ಅವರನ್ನು ಕೊನೆಯಲ್ಲಿ ಗುಂಪಾಗಿ ಸೇರಿಸಬೇಡಿ. ಅವರಲ್ಲಿ ಒಬ್ಬರನ್ನಾದರೂ ಹೆಸರು ಹೇಳಿ, ಮಧ್ಯದಲ್ಲಿ ತನ್ನಿ.

ಏಳನೇ ಹೆಜ್ಜೆ: ಸಮಯ ಮತ್ತು ಕಿವಿ

ಪೆಟ್ಟು ಬಿದ್ದ ತಕ್ಷಣ ಮಾತಾಡಬೇಡಿ. ರಿಚರ್ಡ್ ನಿಕ್ಸನ್ 1962ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆ ಸೋತ ಮರುದಿನವೇ ಪತ್ರಕರ್ತರ ಮುಂದೆ ನಿಂತು, ಇನ್ನು ಒದೆಯಲು ನಿಮಗೆ ನಿಕ್ಸನ್ ಸಿಗುವುದಿಲ್ಲ ಎಂದರು, ಇದು ನನ್ನ ಕೊನೆಯ ಪತ್ರಿಕಾಗೋಷ್ಠಿ ಎಂದೂ ಸೇರಿಸಿದರು. 1968ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಗೆದ್ದರೂ ಆ ಮಾತು ಅವರ ಬೆನ್ನು ಬಿಡಲಿಲ್ಲ.

ಕೆಲಸ ಬಿಟ್ಟದ್ದು ಜಗಳದಿಂದಾಗಿದ್ದರೆ, ಬೀಳ್ಕೊಡುಗೆಯಲ್ಲಿ ಎರಡು ನಿಮಿಷ ಮಾತಾಡಿ ಮುಗಿಸಿ. ದೊಡ್ಡ ಬರಹ ಆರು ತಿಂಗಳ ನಂತರ ಬರಲಿ. ಬರೆದದ್ದನ್ನು ಇಬ್ಬರಿಗೆ ಓದಿ ಹೇಳಿ. ಒಬ್ಬರು ನಿಮ್ಮ ಜೊತೆ ಕೆಲಸ ಮಾಡಿದವರಾಗಿರಲಿ, ಇನ್ನೊಬ್ಬರಿಗೆ ನಿಮ್ಮ ಕಚೇರಿಯ ಗಂಧಗಾಳಿಯೂ ಇರದಿರಲಿ. ಹೊರಗಿನವರು ಎಲ್ಲಿ "ಯಾರದು? ಏನಾಗಿತ್ತು?" ಎಂದು ಕೇಳುತ್ತಾರೋ ಅಲ್ಲಿ ಕುಟುಕು ಉಳಿದಿದೆ.

ಯಾವಾಗ ಈ ಹೆಜ್ಜೆಗಳು ಸಾಲುವುದಿಲ್ಲ

ಕಿರುಕುಳ, ವಂಚನೆ, ಕೊಡದೆ ಉಳಿಸಿಕೊಂಡ ಸಂಬಳ, ಇವು ಭಾಷಣದ ವಿಷಯಗಳಲ್ಲ. ಇವಕ್ಕೆ ದಾಖಲೆ, ದೂರು, ವಕೀಲರು ಬೇಕು. ಮೊದಲೇ ವೇದಿಕೆಯಲ್ಲಿ ಹೇಳಿಬಿಟ್ಟರೆ ಮುಂದೆ ನಿಮಗೇ ತೊಡಕಾಗಬಹುದು. ಕೆಲಸ ಬಿಡುವಾಗ ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಅದನ್ನು ಒಮ್ಮೆ ಓದಿಸಿ ನೋಡಿ. ಇಂಥ ಪೆಟ್ಟು ತಿಂದವರಿಗೆ "ಒಳ್ಳೆಯದನ್ನೇ ನೆನೆಯಿರಿ" ಎಂದು ಯಾರೂ ಬುದ್ಧಿ ಹೇಳಬಾರದು. ಕೃತಜ್ಞತೆಯನ್ನು ಒತ್ತಾಯಿಸಿ ವಸೂಲು ಮಾಡಲಾಗದು. ಅಂಥ ಜಾಗದಿಂದ ಮಾತಾಡದೆ ಹೊರಡುವ ಹಕ್ಕು ಎಲ್ಲರಿಗೂ ಇದೆ.

ಇನ್ನು ಕೆಲವರಲ್ಲಿ ಕಹಿ ಒಂದು ಕಾಯಿಲೆಯ ಮಟ್ಟಕ್ಕೆ ಹೋಗುತ್ತದೆ. ಜರ್ಮನಿಯ ಮನೋವೈದ್ಯ ಮೈಕೆಲ್ ಲಿಂಡೆನ್ 2003ರಲ್ಲಿ ಇದನ್ನು ವಿವರಿಸಿದರು. ಎರಡು ಜರ್ಮನಿಗಳು ಒಂದಾದ ಮೇಲೆ ಬದುಕು ಬುಡಮೇಲಾದ ಜನರಲ್ಲಿ ಅವರು ಇದನ್ನು ಕಂಡಿದ್ದರು. ಒಂದೇ ಅನ್ಯಾಯ ದಿನವೂ ತಲೆಯಲ್ಲಿ ಸುತ್ತುತ್ತಿದ್ದರೆ, ನಿದ್ದೆ ಹೋಗಿದ್ದರೆ, ಸೇಡಿನ ಯೋಚನೆ ತಿಂಗಳುಗಟ್ಟಲೆ ಬಿಡದಿದ್ದರೆ, ಭಾಷಣ ಆಮೇಲೆ ನೋಡಿಕೊಳ್ಳೋಣ. ಮೊದಲು ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ.

ಮಾತಾಡಿದ ಮೇಲೆ

ಸಭೆ ಮುಗಿದ ಮೇಲೆ ಕೆಲವರು ಹತ್ತಿರ ಬಂದು, "ಅವರ ಬಗ್ಗೆ ಇನ್ನೂ ಹೇಳಬೇಕಿತ್ತು, ಬಿಟ್ಟುಬಿಟ್ಟಿರಲ್ಲ" ಎನ್ನುತ್ತಾರೆ. ಸಂದರ್ಶಕರು ಕೂಡ ಇದನ್ನೇ ಬೇರೆ ಬೇರೆ ರೂಪದಲ್ಲಿ ಕೇಳುತ್ತಾರೆ. ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ: "ಹೇಳಬೇಕಾದಷ್ಟು ಹೇಳಿದ್ದೇನೆ. ಆ ನಿಯಮ ಬದಲಾದರೆ ನನಗೆ ಸಂತೋಷ." ಇದನ್ನೇ ಎರಡು ಸಲ, ಅದೇ ಮಾತುಗಳಲ್ಲಿ ಹೇಳಿದರೆ ಮೂರನೇ ಸಲ ಯಾರೂ ಕೇಳುವುದಿಲ್ಲ.

ನೀವು ಯಾರ ಹೆಸರು ಹೇಳಲಿಲ್ಲವೋ ಅವರೇ ಫೋನ್ ಮಾಡಬಹುದು. ಸಿಟ್ಟಿನಿಂದ ಮಾಡಿದರೆ ವಾದ ಮಾಡಬೇಡಿ, ನಡೆದದ್ದರ ಬಗ್ಗೆ ಅವರ ಕಡೆಯ ಕಥೆ ಕೇಳಿ. ಅದರಲ್ಲಿ ನಿಮಗೆ ಗೊತ್ತಿಲ್ಲದ ಸಂಗತಿಯಿದ್ದರೆ, ಬರಹವನ್ನು ಅಚ್ಚಿಗೆ ಕೊಡುವ ಮೊದಲು ಆ ವಾಕ್ಯ ತಿದ್ದಿ. ಇಲ್ಲದಿದ್ದರೆ ಹಾಗೆಯೇ ಇರಲಿ. ಧನ್ಯವಾದದ ಪಟ್ಟಿಯಲ್ಲಿ ಬಿಟ್ಟುಹೋದವರು ಅದೇ ವಾರ ನೆನಪಾಗುತ್ತಾರೆ, ಇದು ಖಂಡಿತ. ಅವರಿಗೆ ಸಂದೇಶ ಕಳಿಸಿ ಕೈತೊಳೆದುಕೊಳ್ಳಬೇಡಿ. ಫೋನ್ ಮಾಡಿ, ಅವರು ಮಾಡಿದ ಆ ಒಂದು ಕೆಲಸವನ್ನು ಹೇಳಿ.